ಮಾತ್ರೆಯ ನಂಬರೂ ನಾಲ್ಕನೇ ಮಹಡಿಯವರೂ

ಔಷಧಿ ಅಂಗಡಿಯ ಕೌಂಟರಿನ ಹಿಂದೆ ಹದಿನೆಂಟು ವರ್ಷ ನಿಂತವನಿಗೆ ಅವಮಾನ ಹೊಸದಲ್ಲ. ಆದರೆ ಕುವೈತಿನ ಫರ್ವಾನಿಯಾದ ನಮ್ಮ ಕಟ್ಟಡದಲ್ಲಿ ನನಗೆ ಆಗುವಂಥವು ನಿಲ್ಲುವ ಲಕ್ಷಣವೇ ಕಾಣುತ್ತಿಲ್ಲ. ಎಲ್ಲದಕ್ಕೂ ಕಾರಣ ನಾಲ್ಕನೇ ಮಹಡಿಯವರು. ಅವರು ಶುಐಬಾದ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ನಂಬರ್ ನೋಡಿ ಬೇರಿಂಗು, ಬೋಲ್ಟು ತೆಗೆದುಕೊಡುವುದು ಅವರ ಕೆಲಸ. ಫಾರ್ಮಸಿ ಓದಿದವನು ನಾನು. ಕಟ್ಟಡದವರೆಲ್ಲ ಮಾತ್ರೆ ಹಿಡಿದುಕೊಂಡು ಹೋಗುವುದು ಅವರ ಮನೆಗೆ. ನನಗೆ ಹೊಟ್ಟೆಕಿಚ್ಚು, ಇದನ್ನು ಮುಚ್ಚಿಡುವುದಿಲ್ಲ.

೧. ಶುರುವಾದದ್ದು

ಎರಡನೇ ಮಹಡಿಯವರ ತಾಯಿ ಮಂಗಳೂರಿನಿಂದ ವಿಸಿಟ್ ವೀಸಾದಲ್ಲಿ ಬಂದಿದ್ದರು. ಇಲ್ಲಿನ ಕ್ಲಿನಿಕ್ಕಿನಲ್ಲಿ ಕೊಟ್ಟ ನಾಲ್ಕು ಬಗೆಯ ಮಾತ್ರೆಗಳನ್ನು ಪ್ಯಾಕೆಟ್ಟಿನಿಂದ ಬಿಡಿಸಿ, ಒಂದೇ ಸ್ಟೀಲ್ ಡಬ್ಬಿಗೆ ಹಾಕಿಟ್ಟಿದ್ದರು. ಶುಕ್ರವಾರ ಎಲ್ಲರೂ ಅವರ ಮನೆಗೆ ಊಟಕ್ಕೆ ಸೇರಿದಾಗ ಡಬ್ಬಿ ನನ್ನ ಮುಂದೆ ಬಂತು. ನಾನು ಗಂಭೀರವಾಗಿ, "ಹೀಗೆ ಬಿಡಿಯಾಗಿ ನೋಡಿ ಹೇಳಲಿಕ್ಕೆ ಆಗುವುದಿಲ್ಲ ಅಮ್ಮ, ಪ್ಯಾಕೆಟ್ ಬೇಕು" ಎಂದೆ. ಓದಿದವನು ಹೇಳಬೇಕಾದ ಮಾತೇ ಅದು.

ನಾಲ್ಕನೇ ಮಹಡಿಯವರು ಒಂದು ಮಾತ್ರೆ ಎತ್ತಿ ಬೆಳಕಿಗೆ ಹಿಡಿದರು. "ಇದರ ಮೈಮೇಲೆ ನಂಬರ್ ಉಂಟಲ್ಲ ಮಾರಾಯ್ರೆ" ಎಂದವರೇ ಅದನ್ನು ಮೊಬೈಲಿನಲ್ಲಿ ಒತ್ತಿ ಹುಡುಕಿದರು. "ಥೈರಾಯ್ಡಿನದ್ದು. ಬೆಳಿಗ್ಗೆ ಖಾಲಿ ಹೊಟ್ಟೆಗೆ." ಪಾಯಸ ಬರುವಷ್ಟರಲ್ಲಿ ಮಾತ್ರೆಗಳೆಲ್ಲ ನಾಲ್ಕು ರಾಶಿಯಾಗಿದ್ದವು.

ಆ ತಾಯಿ ಅವರನ್ನು ಕಣ್ತುಂಬ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಪ್ರೀತಿಯಿಂದಲೇ ಕೇಳಿದರು: "ನೀವು ಇಲ್ಲಿ ಎಂತ ಕೆಲಸ ಮಾಡುವುದು?"

೨. ಸಿಗದ ಮದ್ದು

ಅವರು ಎಲ್ಲಾದರೂ ಎಡವಲಿ ಎಂದು ಕಾಯುತ್ತಿದ್ದೆ. ಕೊನೆಗೂ ಎಡವಿದರು.

ಉಡುಪಿ ಕಡೆಯ ಒಬ್ಬ ಡ್ರೈವರು ಮದ್ದಿನ ಡಬ್ಬ ತಂದಿದ್ದ. ಇವರು ಲೇಬಲ್ಲಿನಲ್ಲಿ ಎಲ್ಲಕ್ಕಿಂತ ಉದ್ದದ ನಂಬರನ್ನು ಹುಡುಕಿ ಒತ್ತಿದರು. ಏನೂ ಬರಲಿಲ್ಲ. ಮತ್ತೆ ಒತ್ತಿದರು. ಕನ್ನಡಕ ಒರೆಸಿ ಮೂರನೇ ಸಲವೂ ಒತ್ತಿ, "ಈ ಐಟಮ್ ಕಂಪನಿಯವರು ನಿಲ್ಲಿಸಿದ್ದಾರೆ ಅಂತ ಕಾಣ್ತದೆ, ಖಲಾಸ್" ಎಂದರು. ಡ್ರೈವರು ಗಾಬರಿಯಾಗಿ ಡಬ್ಬವನ್ನು ನನಗೆ ತೋರಿಸಿದ. ನೋಡಿದರೆ ಅವರು ಒತ್ತಿದ್ದು ಮದ್ದಿನ ನಂಬರೇ ಅಲ್ಲ, ಡ್ರೈವರನ ಸಿವಿಲ್ ಐಡಿ, ಅಂದರೆ ಇಲ್ಲಿನ ಗುರುತಿನ ಚೀಟಿಯ ನಂಬರು. ರೋಗಿಯ ಹೆಸರಿನ ಕೆಳಗೆ ಅದನ್ನೂ ಲೇಬಲ್ಲಿನಲ್ಲಿ ಹಾಕಿದ್ದರು.

ಆ ದಿನ ನನಗಾದ ಸಂತೋಷ ಹೇಳತೀರದು. ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿದೆ, ಪ್ರತಿ ಮಹಡಿಯಲ್ಲೂ ನಿಂತು ಸುದ್ದಿ ಹೇಳಬಹುದಲ್ಲ. ಎಲ್ಲರೂ ಗಮನವಿಟ್ಟು ಕೇಳಿದರು. ಅಂದಿನಿಂದ ಎಲ್ಲರೂ ಸಿವಿಲ್ ಐಡಿ ನಂಬರಿನ ಮೇಲೆ ಪೆನ್ನಿನಲ್ಲಿ ಗೆರೆ ಎಳೆದುಕೊಂಡೇ ಅವರ ಮನೆಗೆ ಹೋಗುತ್ತಾರೆ.

೩. ನನ್ನ ಮನೆಯಲ್ಲೇ

ಹೆಂಡತಿಗೆ ಮಂಡಿನೋವು. ಡಾಕ್ಟರರ ಚೀಟಿ ಪ್ರಕಾರ ನಮ್ಮ ಅಂಗಡಿಯಿಂದಲೇ ಮಾತ್ರೆ ತಂದೆ, ಹೊತ್ತು ಗೊತ್ತು ಎಲ್ಲ ನನ್ನ ಕೈಯಾರೆ ಬರೆದು ಅಂಟಿಸಿದೆ. ಮರುದಿನ ನೋಡಿದರೆ ಮಾತ್ರೆ ಇಟ್ಟಲ್ಲಿ ಇಲ್ಲ.

"ಮೇಲಿನ ಮನೆಗೆ ಕೊಟ್ಟು ಬಂದೆ," ಎಂದಳು. "ಅವರು ಒಮ್ಮೆ ನಂಬರ್ ಹಾಕಿ ನೋಡ್ಲಿ ಅಂತ."

"ನಾನೇ ಕೊಟ್ಟದ್ದಲ್ವಾ ಅದು?"

"ಅದಕ್ಕೇ."

ಸಂಜೆ ಮಾತ್ರೆ ವಾಪಸ್ ಬಂತು. ನನ್ನ ಅಕ್ಷರದ ಪಕ್ಕದಲ್ಲಿ ಕೆಂಪು ಪೆನ್ನಿನ ರೈಟ್ ಗುರುತು. ಮಗಳು ನನ್ನ ಮುಖ ನೋಡಿ, "ಚಿಲ್ ಡ್ಯಾಡಿ, ಯೂ ಪಾಸ್ಡ್" ಎಂದಳು.

೪. ಎರಡು ಮೇಜು

ನಮ್ಮ ಊರವರ ಸಂಘ ವರ್ಷಕ್ಕೊಮ್ಮೆ ಆರೋಗ್ಯ ಶಿಬಿರ ಮಾಡುತ್ತದೆ. ಮದ್ದಿನ ಬಗ್ಗೆ ತಿಳಿಸಿ ಹೇಳುವ ಮೇಜು ಮೊದಲಿನಿಂದಲೂ ನನ್ನದು. ಕುವೈತಿನಲ್ಲಿ ನನ್ನನ್ನು ನಾಲ್ಕು ಜನ ಗುರುತಿಸುವ ಜಾಗ ಇದ್ದರೆ ಅದೊಂದೇ. ಈ ಸಲ ಕಾರ್ಯದರ್ಶಿ ಫೋನ್ ಮಾಡಿ, "ಎರಡು ಮೇಜು ಇಡುವಾ. ಒಂದು ನಿಮ್ಮದು, ಒಂದು ನಾಲ್ಕನೇ ಮಹಡಿಯವರದ್ದು. ನಿಮಗೂ ಭಾರ ಕಮ್ಮಿಯಾಗ್ತದೆ" ಎಂದರು. ಸಿಟ್ಟಿನಲ್ಲಿ ನಾನು ಅಂದೇ ತೀರ್ಮಾನಿಸಿದೆ: ಅವರ ಸಾಲಿಗಿಂತ ನನ್ನ ಸಾಲು ಉದ್ದವಿಲ್ಲದಿದ್ದರೆ ಇನ್ನು ಆ ಮೇಜಿನ ಹತ್ತಿರ ಸುಳಿಯುವುದಿಲ್ಲ. ಬಿಳಿ ಕೋಟಿಗೆ ಇಸ್ತ್ರಿ ಹಾಕಿಸಿದೆ.

ಶಿಬಿರದ ದಿನ ಅವರ ಸಾಲು ಸಭಾಂಗಣದ ಬಾಗಿಲು ದಾಟಿತ್ತು. ಹಳೆಯದನ್ನು ವಾಪಸ್ ತರದವರಿಗೆ ಹೊಸದು ಕೊಡುವುದಿಲ್ಲ ಎನ್ನುವುದು ಅವರ ಸ್ಟೋರಿನ ಕ್ರಮವಂತೆ. ಅದನ್ನೇ ಇಲ್ಲಿಗೂ ತಂದಿದ್ದರು: ಹಳೆಯ ಡಬ್ಬ ತೋರಿಸದವರಿಗೆ ಹೊಸ ಮದ್ದಿನ ವಿಷಯ ಹೇಳುವುದಿಲ್ಲ. ಜನ ಹಳೆಯ ಖಾಲಿ ಡಬ್ಬಗಳನ್ನೆಲ್ಲ ಚೀಲದಲ್ಲಿ ತುಂಬಿ ತಂದು, ಹೇಳಿದ ಹಾಗೆ ಕೇಳಿಕೊಂಡು ನಿಂತಿದ್ದರು. ನನ್ನ ಮೇಜಿಗೆ ಅಲ್ಲಿಯವರೆಗೆ ಬಂದವರು ಇಬ್ಬರು. ಒಬ್ಬರು ಬಾತ್‌ರೂಮ್ ಎಲ್ಲಿ ಎಂದು ಕೇಳಿದರು, ಇನ್ನೊಬ್ಬರು ಬ್ಯಾಗು ನೋಡಿಕೊಳ್ಳಲು ಹೇಳಿ ಅವರ ಸಾಲಿಗೆ ಹೋದರು.

ಅಷ್ಟರಲ್ಲಿ ವಯಸ್ಸಾದ ಕೊಂಕಣಿ ಹೆಂಗಸೊಬ್ಬರು ಸಾಲನ್ನು ಬಿಟ್ಟು ನೆಟ್ಟಗೆ ನನ್ನ ಹತ್ತಿರ ಬಂದರು. ನಾನು ಎದ್ದು ನಿಂತು ಕುರ್ಚಿ ಕೊಟ್ಟೆ. ಅವರು ಡಬ್ಬವನ್ನು ಮುಂದಿಟ್ಟರು.

"ಇದು ಬಿಪಿಯದ್ದು ಬಾಯಮ್ಮ. ದಿನಾ ಒಂದೇ ಹೊತ್ತಿಗೆ..."

"ಅದೆಲ್ಲ ನೀನು ಹೇಳ್ಬೇಡ ಪುತಾ," ಎಂದರು. "ಕನ್ನಡಕ ಮನೆಯಲ್ಲಿ ಬಿಟ್ಟೆ. ಆ ನಂಬರ್ ಮಾತ್ರ ಓದಿ ಹೇಳು. ಅವರಿಗೆ ಹೇಳ್ಲಿಕ್ಕುಂಟು."

ಓದಿ ಹೇಳಿದೆ, ಇನ್ನೇನು ಮಾಡಲಿ. ಅದನ್ನೇ ಜಪಿಸುತ್ತಾ ಹೋಗಿ ಅವರು ಸಾಲಿನಲ್ಲಿ ನಿಂತರು. ಅರ್ಧ ಗಂಟೆ ಕಳೆದು ಮುಖ ಅರಳಿಸಿಕೊಂಡು ವಾಪಸ್ ಬಂದರು.

"ಬಿಪಿಯದ್ದಂತೆ."

"ನಾನು ಹೇಳಿದ್ದೂ ಅದನ್ನೇ ಅಲ್ವಾ?"

"ನೀನು ನಂಬರ್ ಸರಿ ಓದಿದ್ದಿ, ಅದಕ್ಕೇ ಅವರಿಗೆ ಗೊತ್ತಾಯ್ತು," ಎಂದು ನನ್ನ ಬೆನ್ನು ತಟ್ಟಿದರು. ಆಮೇಲೆ ಸಾಲಿನ ಕಡೆ ತಿರುಗಿ ಸಭಾಂಗಣಕ್ಕೆಲ್ಲ ಕೇಳುವಂತೆ ಹೇಳಿದರು: "ಕನ್ನಡಕ ತಾರದವರು ಮೊದಲು ಇಲ್ಲಿ ಬನ್ನಿ. ಈ ಹುಡುಗ ಚೆಂದ ಓದಿ ಹೇಳ್ತಾನೆ."

ಹತ್ತು ನಿಮಿಷದಲ್ಲಿ ನನ್ನ ಸಾಲು ನಾಲ್ಕನೇ ಮಹಡಿಯವರದ್ದಕ್ಕಿಂತ ಉದ್ದವಾಯಿತು.