ಮೀನಿನ ದೋಣಿಯಲ್ಲಿ ನನ್ನ ಜಾಗ

ಈರಣ್ಣನ ದೋಣಿಯ ನಡುಹಲಗೆಯಲ್ಲಿ ಎರಡು ಮೊಳೆಗಳು ಭತ್ತದ ಕಾಳಿನಷ್ಟು ಮೇಲೆದ್ದಿವೆ. ಎರಡರ ನಡುವೆ ಒಂದು ಗೇಣು ನಾಲ್ಕು ಬೆರಳು ಜಾಗ. ಬಟ್ಟೆ ಹರಿಯದಂತೆ ಅಲ್ಲಿ ಕೂರಬಲ್ಲಷ್ಟು ಸಣಕಲು ಮನುಷ್ಯರು ಆ ದೋಣಿಗೆ ಬರುವವರಲ್ಲಿ ನಾನೊಬ್ಬಳೇ. ಹಾಗಾಗಿ ಅದು ನನ್ನ ಜಾಗವಾಯಿತು. ಒಂದು ಊರಿನಲ್ಲಿ ಇರಲು ಕೋಣೆ ಸಿಗುವುದು ಬೇರೆ, ಕೂರಲು ಜಾಗ ಸಿಗುವುದು ಬೇರೆ ಎಂದು ನನಗೆ ತಿಳಿದದ್ದು ನರಸಿಂಹರಾಜಪುರಕ್ಕೆ ಬಂದ ಮೇಲೆ. ಕೋಣೆ ಮೊದಲ ದಿನವೇ ಸಿಕ್ಕಿತ್ತು. ಜಾಗಕ್ಕೆ ಎಂಟು ತಿಂಗಳು ಹಿಡಿಯಿತು. ಅದೂ ಹುಟ್ಟಿದಾರಭ್ಯ ಮೀನು ತಿನ್ನದವಳಿಗೆ ಮೀನು ಹಿಡಿಯುವ ದೋಣಿಯಲ್ಲಿ.

ನಾನು ಆಗಷ್ಟೇ ಇಂಗ್ಲಿಷ್ ಎಂ.ಎ. ಮುಗಿಸಿ ಇಲ್ಲಿನ ಒಂದು ಕಾಲೇಜಿಗೆ ತಾತ್ಕಾಲಿಕ ಉಪನ್ಯಾಸಕಿಯಾಗಿ ಸೇರಿದ್ದೆ. ಪೋಸ್ಟಾಫೀಸಿನಲ್ಲಿದ್ದು ನಿವೃತ್ತರಾದ ಲಲಿತಮ್ಮನವರ ಮನೆಯ ಮಹಡಿಯಲ್ಲಿ ವಾಸ. ವಾರದ ಆರು ದಿನಗಳ ಬಗ್ಗೆ ನನ್ನ ತಕರಾರಿಲ್ಲ. ತೊಂದರೆ ಇದ್ದದ್ದು ಭಾನುವಾರ ಮಧ್ಯಾಹ್ನದ್ದು. ಸಹೋದ್ಯೋಗಿಗಳು ಶನಿವಾರವೇ ಕೊಪ್ಪದ ಬಸ್ಸು ಹತ್ತಿ ಅವರವರ ಮನೆ ಸೇರಿರುತ್ತಿದ್ದರು. ಲಲಿತಮ್ಮ ಊಟ ಮಾಡಿ ಮಲಗಿದರೆ ಏಳುವುದು ನಾಲ್ಕೂವರೆಗೆ. ಒಂದೂವರೆಯಿಂದ ಕತ್ತಲಾಗುವವರೆಗೆ ಐದು ಗಂಟೆ. ಒಂದು ಭಾನುವಾರ ನನ್ನ ಪುಸ್ತಕಗಳನ್ನು ಎತ್ತರದ ಪ್ರಕಾರ ಜೋಡಿಸಿದೆ. ಮರುವಾರ ಹೆಸರಿನ ಪ್ರಕಾರ ಜೋಡಿಸಿದೆ. ಅದರ ಮರುವಾರ ಓದಿದ್ದು ಒಂದು ಕಡೆ, ಓದದಿದ್ದು ಒಂದು ಕಡೆ ಎಂದು ಬೇರ್ಪಡಿಸಲು ಹೋಗಿ, ಓದದಿದ್ದು ಹೆಚ್ಚಾಗಿ ಕಂಡು ಮೊದಲಿನ ಹಾಗೆ ಎತ್ತರದ ಪ್ರಕಾರವೇ ಇಟ್ಟೆ. ಶೃಂಗೇರಿ ಹತ್ತಿರದ ಬೇಗಾರಿನ ನಮ್ಮ ಮನೆಗೆ ನಾನೂ ಹೋಗಬಹುದಿತ್ತು. ಆದರೆ ಹೋದಾಗಲೆಲ್ಲ ಯಾರಾದರೊಬ್ಬರು ನನ್ನ ಜಾತಕದ ನಕಲು ಕೇಳಿಕೊಂಡು ಬಂದು ಜಗಲಿಯಲ್ಲಿ ಕೂತಿರುತ್ತಿದ್ದರು. ಎರಡನ್ನೂ ತೂಗಿ ನೋಡಿ ನಾನು ಒಂಟಿತನವನ್ನೇ ಆರಿಸಿಕೊಂಡಿದ್ದೆ.

ಹಾಗೊಂದು ಭಾನುವಾರ ಪುಸ್ತಕ ಹಿಡಿದು ಭದ್ರಾ ಹಿನ್ನೀರಿನ ದಡಕ್ಕೆ ಹೋಗಿ ಕೂತಿದ್ದೆ. ಆಗಿನ್ನೂ ನಮ್ಮ ಕಡೆ ಹೋಂಸ್ಟೇಗಳು ಒಂದೊಂದಾಗಿ ಏಳುತ್ತಿದ್ದ ಕಾಲ. ಅಲ್ಲಿಗೆ ಬಂದ ಅತಿಥಿಗಳನ್ನು ಮಧ್ಯಾಹ್ನ ಮೂರಕ್ಕೆ ದೋಣಿ ಹತ್ತಿಸಿ, ದಡದ ತೆಳುನೀರಿನಲ್ಲಿ ಗಾಳ ಹಾಕಿಸಿ, ಐದೂವರೆಗೆ ವಾಪಸು ತಂದು ಬಿಡುವುದು ಈರಣ್ಣನ ಕೆಲಸ. ಐವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಅವತ್ತು ಇಬ್ಬರು ವಿದೇಶಿಯರು ಅವನನ್ನು ಏನೋ ಕೇಳುತ್ತಿದ್ದರು. ಅವನು ನೀರನ್ನೂ ಆಕಾಶವನ್ನೂ ತೋರಿಸಿ ಸೋತು ನನ್ನ ಕಡೆ ತಿರುಗಿದ.

"ಮೇಡಂ, ಇವ್ರು ಎಂತ ಕೇಳ್ತಿದಾರೆ ನೋಡಿ ಮಾರಾಯ್ರೆ."

"ಎಷ್ಟು ಆಳ ಇದೆ ಅಂತ."

"ಸೊಂಟದುದ್ದ ಅನ್ನಿ. ನನ್ನ ಸೊಂಟ ಅಲ್ಲ, ಅವ್ರ ಸೊಂಟ ಅಲ್ಲ, ನಿಮ್ಮ ಸೊಂಟ."

ನಾನು ಎದ್ದು ನಿಂತು ತೋರಿಸಬೇಕಾಯಿತು. ಅವರಿಗೆ ಅರ್ಥವಾಯಿತು. "ಹಂಗೇ ಹತ್ಕೊಳಿ, ಒಳಗೆ ಹೋದ್ಮೇಲೆ ಮತ್ತೆ ಕೇಳಿದ್ರೆ ನಾನು ಎಲ್ಲಿ ನಿಮ್ಮನ್ನ ಹುಡುಕ್ಲಿ" ಎಂದ. ಹತ್ತಿದೆ. ಮುಂದಿನ ವಾರ ಮೂರಕ್ಕೆ ಐದು ನಿಮಿಷವಿರುವಾಗ ಅದೇ ದಡದಲ್ಲಿ ಅದೇ ಪುಸ್ತಕ ಹಿಡಿದು ಕೂತಿದ್ದೆ, ಆಕಸ್ಮಿಕವೆಂಬಂತೆ. ಅದರ ಮುಂದಿನ ವಾರ ಪುಸ್ತಕ ತರಲಿಲ್ಲ.

ಈರಣ್ಣ ಮೀನು ಹುಡುಕುವ ಕ್ರಮವನ್ನು ನಾನು ಬೇರೆಲ್ಲೂ ಕೇಳಿಲ್ಲ. ಅಣೆಕಟ್ಟು ಕಟ್ಟುವ ಮೊದಲು ಆ ತೆಳುನೀರಿನ ಜಾಗವೆಲ್ಲ ಅವನ ಅಜ್ಜನ ಕಾಲದ ಗದ್ದೆಗಳು. ಅವನು ಅವನ್ನು ಒಣಗಿದ್ದಾಗ ನೋಡಿದವನೇ ಅಲ್ಲ. ಆದರೆ ಅಪ್ಪ ಹೇಳಿಕೊಟ್ಟದ್ದು ಬಾಯಿಪಾಠವಾಗಿತ್ತು. ಎಲ್ಲಿ ಬದು, ಎಲ್ಲಿ ಕಣ, ಎಲ್ಲಿ ನೀರು ಹರಿಯುತ್ತಿದ್ದ ತೋಡು ಎಂದು ನೀರಿನ ಮೇಲೆ ನಿಂತೇ ಹೇಳುತ್ತಿದ್ದ. ಬದುವಿನ ಕಲ್ಲುಸಂದಿಯಲ್ಲಿ ದೊಡ್ಡ ಮೀನು ಅಡಗಿರುತ್ತದೆ. ಭತ್ತ ಬಡಿಯುತ್ತಿದ್ದ ಕಣ ಗಟ್ಟಿನೆಲ, ಅಲ್ಲಿ ಜಿಲೇಬಿ ಮೀನಿನ ಹಿಂಡು. "ಈಗ ಸಣ್ಣಜ್ಜಿ ಗದ್ದೆಗೆ ಬಂದ್ವಿ, ಗಾಳ ಬಿಡ್ಲಿಕ್ಕೆ ಹೇಳಿ" ಎನ್ನುತ್ತಿದ್ದ. ಎಂ.ಎ.ಯಲ್ಲಿ ನಮಗೆ ಭಾಷಾಂತರದ ಮೇಲೆ ಒಂದು ಇಡೀ ಪತ್ರಿಕೆ ಇತ್ತು. ಅದರಲ್ಲಿ ಇಂಥ ವಾಕ್ಯ ಬಂದಿರಲಿಲ್ಲ. ನಾನು ಪ್ರಾಮಾಣಿಕವಾಗಿ, ನಾವೀಗ ಇವರ ಚಿಕ್ಕ ಅಜ್ಜಿಯ ಹೊಲದ ಮೇಲಿದ್ದೇವೆ ಎಂದು ಇಂಗ್ಲಿಷಿನಲ್ಲಿ ಹೇಳಿದರೆ, ಅತಿಥಿಗಳು ದೋಣಿಯಂಚಿಗೆ ಬಾಗಿ ಬಹಳ ಗೌರವದಿಂದ ನೀರೊಳಗೆ ನೋಡುತ್ತಿದ್ದರು. ಒಬ್ಬಾಕೆ ಟೋಪಿ ತೆಗೆದದ್ದೂ ಉಂಟು.

ಎರಡೂವರೆ ಗಂಟೆ ಹೊತ್ತು ನಾನಿಲ್ಲದೆ ನಾಲ್ಕು ಜನರ ನಡುವೆ ಒಂದು ಮಾತೂ ದಾಟುತ್ತಿರಲಿಲ್ಲ. ಇದನ್ನು ನಾನು ಯಾರಿಗೂ ಹೇಳಿಲ್ಲ, ಆದರೆ ಸೋಮವಾರದಿಂದ ಶನಿವಾರದವರೆಗೆ ನಾನು ಎದುರು ನೋಡುತ್ತಿದ್ದದ್ದು ಅದನ್ನೇ. ಇದರ ಸುತ್ತ ಸಣ್ಣಪುಟ್ಟ ತೊಡಕುಗಳಿದ್ದವು. ನನ್ನನ್ನು ಎಂಟು ತಿಂಗಳು ಕಣ್ಣೆತ್ತಿ ನೋಡದಿದ್ದ ಲಲಿತಮ್ಮನವರ ಬೆಕ್ಕು ಈಗ ಭಾನುವಾರ ಸಂಜೆ ಗೇಟಿನವರೆಗೆ ಬಂದು ಎದುರುಗೊಂಡು, ನನ್ನ ಚೂಡಿದಾರದ ಅಂಚು ಮೂಸುತ್ತ ಮಹಡಿ ಹತ್ತುತ್ತಿತ್ತು. ಲಲಿತಮ್ಮ ಇದನ್ನು ನನ್ನ ಒಳ್ಳೆಯ ಸ್ವಭಾವಕ್ಕೆ ಸಾಕ್ಷಿ ಎಂದುಕೊಂಡರು. ಏಳು ಗಂಟೆಗೆ ಬೇಗಾರಿನಿಂದ ಅಮ್ಮನ ಫೋನು. "ಎಂತ ಮಾಡ್ದೆ ಕೂಸೆ ಮಧ್ಯಾಹ್ನ?" "ಪೇಪರ್ ತಿದ್ದಿದೆ ಅಮ್ಮ." "ಪ್ರತಿವಾರ ಪರೀಕ್ಷೆಯಾ ನಿಮ್ಮ ಕಾಲೇಜಲ್ಲಿ? ಪಾಪ ಮಕ್ಕಳು." ಅಮ್ಮನಿಗೆ ಗೊತ್ತಿರುವ ಮೀನು ಶೃಂಗೇರಿಯ ತುಂಗೆಯ ಮೀನು ಮಾತ್ರ. ಅದು ದೇವರ ಮೀನು. ಹೋದ ಕೂಡಲೇ ಹೊಳೆಗಿಳಿದು ಕಾಲು ತೊಳೆದು, ಒಂದು ಪೊಟ್ಟಣ ಮಂಡಕ್ಕಿ ಮೀನಿಗೆ ಹಾಕಿ, ಆಮೇಲೆ ದರ್ಶನ. ಆ ಮೀನಿನ ಬಾಯಿಗೆ ಗಾಳ ಹಾಕುವ ಲೋಕವೊಂದಿದೆ, ತನ್ನ ಮಗಳು ಅದರ ದುಭಾಷಿ ಎಂದು ಫೋನಿನಲ್ಲಿ ವಿವರಿಸುವುದು ಹೇಗೆ?

ಒಂದು ಶುಕ್ರವಾರ ಪೇಟೆಯಲ್ಲಿ ಈರಣ್ಣ ಸಿಕ್ಕ. "ಈ ಭಾನುವಾರ ಬರೋರು ಕನ್ನಡದವ್ರೇ ಮೇಡಂ. ಉಡುಪಿ ಕಡೆಯೋರಂತೆ, ಗಂಡ ಹೆಂಡ್ತಿ. ನಿಮ್ಗೆ ಸುಮ್ನೆ ತೊಂದ್ರೆ ಬೇಡ."

ಬರಬೇಡಿ ಎಂಬುದನ್ನು ನಮ್ಮ ಕಡೆ ಇದಕ್ಕಿಂತ ಸ್ಪಷ್ಟವಾಗಿ ಯಾರೂ ಹೇಳುವುದಿಲ್ಲ. ಭಾಷೆ ಕಲಿಸುವ ನನಗೆ ಅದು ಅರ್ಥವಾಗಲಿಲ್ಲವೆಂದು ತೋರಿಸಿಕೊಂಡೆ. "ನನಗೇನೂ ತೊಂದರೆ ಇಲ್ಲ" ಎಂದೆ. ದುಭಾಷಿಯ ಕೆಲಸವಿಲ್ಲದಿದ್ದರೆ ಬೇರೆ ಏನಾದರೂ ಉಪಯೋಗಕ್ಕೆ ಬರಬೇಕಲ್ಲ, ಅತಿಥಿಗಳಿಗೆ ತಿನ್ನಲು ಇರಲಿ ಎಂದು ಒಂದು ಚೀಲ ಮಂಡಕ್ಕಿ, ಹುರಿದ ಶೇಂಗಾ ತೆಗೆದುಕೊಂಡು ಹೋದೆ.

ಬಂದವರು ನಿವೃತ್ತ ಹೆಡ್‌ಮಾಸ್ತರರು. ಜೊತೆಯಲ್ಲಿ ಅವರ ಹೆಂಡತಿ, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಮಾತಿಲ್ಲದೆ ಕೂತವರು. ಮಾಸ್ತರರು ದೋಣಿ ಹತ್ತುವ ಮೊದಲೇ ನೀರಿಗೆ ಬೆರಳದ್ದಿ ನಾಲಗೆಗೆ ಮುಟ್ಟಿಸಿಕೊಂಡು, "ಸಪ್ಪೆ" ಎಂದರು.

"ಹೊಳೆ ನೀರಲ್ವಾ ಸ್ವಾಮಿ" ಎಂದ ಈರಣ್ಣ.

"ಅಲ್ಲ ಮಾರಾಯ, ಸಪ್ಪೆ ನೀರಿನ ಮೀನಿಗೆ ರುಚಿ ಎಲ್ಲಿಂದ? ನಮ್ಮಲ್ಲಿ ಮಧ್ಯಾಹ್ನ ಇಳಿತ ಶುರುವಾಗುವಾಗ ಅಳಿವೆಯ ಹತ್ತಿರ ಮೊಣಕಾಲು ನೀರಲ್ಲಿ ನಿಂತ್ರೆ ಸಾಕು. ಕಾಣೆ ಮೀನು ತಾನಾಗಿ ಬಂದು ವಿಚಾರಿಸ್ತದೆ."

"ಇಲ್ಲೂ ಬರ್ತಾವೆ. ವಿಚಾರಿಸಲ್ಲ ಅಷ್ಟೆ."

ಮಾಸ್ತರರು ನಕ್ಕು ನನ್ನ ಕಡೆ ತಿರುಗಿದರು. "ಇವರು ಯಾರು? ಮಗಳಾ?"

"ಅಲ್ಲ ಸ್ವಾಮಿ, ಇವ್ರು ಕಾಲೇಜು ಮೇಡಂ. ಇಂಗ್ಲಿಷ್ ಹೇಳ್ಲಿಕ್ಕೆ."

"ಮೀನಿಗಾ?"

ಅವರ ತಮಾಷೆಯಲ್ಲಿ ಕೆಡುಕಿರಲಿಲ್ಲ. ಸಣ್ಣಜ್ಜಿಯ ಗದ್ದೆ ಬಂತು. ಈರಣ್ಣ ನೇರವಾಗಿ ಮಾಸ್ತರರಿಗೇ ಹೇಳಿದ, ಅವರಿಗೆ ನೇರವಾಗಿಯೇ ತಿಳಿಯಿತು. ಅಜ್ಜಿಗೆ ಎಷ್ಟು ಮಕ್ಕಳು, ಗದ್ದೆ ಎಷ್ಟು ಖಂಡುಗದ್ದು, ಮುಳುಗಿದ ಮೇಲೆ ಎಲ್ಲಿ ಹೋದರು ಎಂದೆಲ್ಲ ಕೇಳಿದರು. ಈರಣ್ಣ ನಾನು ಒಂದು ದಿನವೂ ಕೇಳದಿದ್ದ ಮಾತುಗಳನ್ನು ಅರ್ಧ ಗಂಟೆ ಆಡಿದ. ಅವನಿಗೆ ಮಾತು ಕಡಿಮೆ ಎಂದು ನಾನು ತಿಳಿದದ್ದು ನನ್ನಿಂದಾಗಿಯೇ ಇರಬೇಕು. ಭಾಷಾಂತರ ಮಾಡುವವರಿಗೆ ಕಷ್ಟವಾಗದಿರಲೆಂದು ಪಾಪ ಅವನು ಇಷ್ಟು ದಿನ ಚಿಕ್ಕ ವಾಕ್ಯಗಳಲ್ಲಿ ಬದುಕಿದ್ದ.

ಗಾಳದ ಬೆಂಡು ನೀರಿನ ಮೇಲೆ ಅಲುಗಾಡದೆ ನಿಂತಿತ್ತು. ನಾನು ಮಂಡಕ್ಕಿ ಚೀಲ ಬಿಚ್ಚಿ ಕೊಡಲು ಹೋದೆ. ಮಾಸ್ತರರು ಗಾಳದಿಂದ ಕಣ್ಣು ತೆಗೆಯದೆ ಬೇಡವೆಂದರು. ಈರಣ್ಣ ಎರೆಹುಳ ಮುಟ್ಟಿದ ಕೈಯೆಂದು ತೋರಿಸಿದ. ಕೈಯಲ್ಲಿ ಮಂಡಕ್ಕಿ ಉಳಿಯಿತು. ಮುಂದೆ ನಡೆದದ್ದಕ್ಕೆ ನನ್ನ ಬುದ್ಧಿಯನ್ನು ದೂರಿ ಪ್ರಯೋಜನವಿಲ್ಲ, ಕೈಯನ್ನೇ ದೂರಬೇಕು. ಮೂರು ವರ್ಷದವಳಿದ್ದಾಗಿನಿಂದ ಶೃಂಗೇರಿಯಲ್ಲಿ ಅದು ಕಲಿತದ್ದು ಒಂದೇ: ಕೆಳಗೆ ನೀರು, ಒಳಗೆ ಮೀನು, ಮುಷ್ಟಿಯಲ್ಲಿ ಮಂಡಕ್ಕಿ. ಕೈ ತಾನಾಗಿ ಚಾಚಿಕೊಂಡು ಬಿಚ್ಚಿತು.

ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ನನ್ನ ಕಡೆಯ ನೀರು ಕುದಿಯುವ ಹಾಗೆ ಎದ್ದಿತು. ಅಂಗೈಯಗಲದ ಜಿಲೇಬಿ ಮೀನುಗಳು ಒಂದರ ಬೆನ್ನ ಮೇಲೊಂದು ಬಿದ್ದು ಬಾಯಿ ತೆರೆದವು. ನಾಚಿಕೆಯಿಂದಲೇ ಇನ್ನೊಂದು ಮುಷ್ಟಿ ಹಾಕಿದೆ. ಆಗ ಮಾಸ್ತರರ ಹೆಂಡತಿ ಮೊದಲ ಬಾರಿಗೆ ಮಾತಾಡಿದರು. "ನಂಗೂ ಸ್ವಲ್ಪ ಕೊಡಿ." ಕೊಟ್ಟೆ. ಅವರು ಕೈಚೀಲ ಪಕ್ಕಕ್ಕಿಟ್ಟು, ಬಳೆ ಮೇಲೆ ಸರಿಸಿ, ಒಂದೊಂದೇ ಕಾಳು ಉದುರಿಸುತ್ತ, "ಮೂವತ್ತು ವರ್ಷ ಇವರ ಜೊತೆ ಮೀನು ಹಿಡಿಯಲಿಕ್ಕೆ ಹೋಗಿದ್ದೇನೆ. ಮೀನಿನ ಮುಖ ನೋಡಿದ್ದು ಇವತ್ತೇ" ಎಂದರು. "ಅಗೋ, ಆ ಬಾಲ ಹರಿದದ್ದಕ್ಕೆ ಸಿಕ್ಕಲೇ ಇಲ್ಲ ನೋಡಿ." ನಾವಿಬ್ಬರೂ ಸೇರಿ ಬಾಲ ಹರಿದದ್ದಕ್ಕೆ ಹಾಕಿದೆವು. ಚೀಲ ಖಾಲಿಯಾಗುವವರೆಗೆ, ಹತ್ತು ನಿಮಿಷವಿರಬಹುದು, ಆ ವರ್ಷ ನಾನು ಅಷ್ಟು ಸುಖವಾಗಿ ಯಾರ ಪಕ್ಕದಲ್ಲೂ ಕೂತಿರಲಿಲ್ಲ.

"ಈ ಮೇಡಂ ಮೀನಿಗೆ ಊಟ ಹಾಕಲಿಕ್ಕೆ ಬಂದದ್ದಾ?" ಎಂದರು ಮಾಸ್ತರರು. ಈರಣ್ಣ ದೋಣಿಯನ್ನು ಕಣದ ಕಡೆ ತಿರುಗಿಸಿದ. ಹೊಟ್ಟೆ ತುಂಬಿದ ಮೀನು ಆಮೇಲೆ ಒಂದೂ ಎರೆಹುಳವನ್ನು ಮೂಸಲಿಲ್ಲ. ಕಣ, ತೋಡು, ಬದು ಎಲ್ಲ ಸುತ್ತಿ ಐದೂವರೆಗೆ ಬರಿಗೈಯಲ್ಲಿ ದಡ ಸೇರಿದೆವು. ಮಾಸ್ತರರು ಇಳಿಯುತ್ತ, "ನಮ್ಮ ಕಾಣೆ ಮೀನಿಗೆ ಮಂಡಕ್ಕಿ ನಡೆಯುವುದಿಲ್ಲ" ಎಂದು ಹೋದರು. ಅವರ ಹೆಂಡತಿ ನನ್ನ ಕೈ ಹಿಡಿದು ಬಿಟ್ಟರು, ಹೆಸರು ಕೇಳಲಿಲ್ಲ.

ಈರಣ್ಣ ಹಗ್ಗ ಕಟ್ಟುತ್ತ, ನನ್ನ ಮುಖ ನೋಡದೆ, "ಬೇಜಾರು ಮಾಡ್ಕೋಬೇಡಿ ಮೇಡಂ. ಖಾಲಿ ಕೈಲಿ ಕಳಿಸಿದ್ರೆ ಹೋಂಸ್ಟೇಯೋರು ನಂಗೆ ಜನ ಕಳಿಸಲ್ಲ. ಮುಂದಿನ ವಾರ ಬರೋರೂ ಕನ್ನಡದವ್ರೇ" ಎಂದ.

"ನನಗೂ ಮುಂದಿನ ವಾರ ಪೇಪರ್ ತಿದ್ದುವುದಿದೆ" ಎಂದೆ. ಏಳು ಗಂಟೆಗೆ ಅಮ್ಮನಿಗೂ ಅದನ್ನೇ ಹೇಳಿದೆ. ಹೇಳುತ್ತಿರುವಾಗ, ಮುಂದಿನ ಭಾನುವಾರ ಇದು ನಿಜವಾಗಿಬಿಡುತ್ತದಲ್ಲ ಎಂದು ಹೊಳೆಯಿತು. ಫೋನಿಟ್ಟ ಮೇಲೆ ಪುಸ್ತಕದ ಕಪಾಟಿನ ಎದುರು ಸ್ವಲ್ಪ ಹೊತ್ತು ನಿಂತೆ. ಬಣ್ಣದ ಪ್ರಕಾರ ಇನ್ನೂ ಜೋಡಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಆರಕ್ಕೆ ಸ್ನಾನ ಮಾಡಿ, ಬಚ್ಚಲ ನೀರು ಹೋಗುವ ಬಾಳೆಬುಡದಲ್ಲಿ ಕೂತು ಚಮಚದಿಂದ ಅಗೆದು ಹನ್ನೊಂದು ಎರೆಹುಳ ತೆಗೆದು ಬಾಟಲಿಗೆ ಹಾಕಿದೆ. ಲಲಿತಮ್ಮ ಹಿತ್ತಿಲ ಬಾಗಿಲಲ್ಲಿ ನಿಂತು, "ಕಾಲೇಜಿಗಾ?" ಎಂದರು. "ಅಲ್ಲ" ಎಂದೆ. ಎಂಟು ಗಂಟೆಗೆ ಈರಣ್ಣನ ಮನೆಯ ಮೆಟ್ಟಿಲ ಮುಂದೆ ನಿಂತಿದ್ದೆ. ದಾರಿಯುದ್ದಕ್ಕೂ ಸಿದ್ಧಪಡಿಸಿಕೊಂಡಿದ್ದ ಮೂರು ವಾಕ್ಯಗಳು ಮರೆತು, ಇದ್ದದ್ದನ್ನೇ ಹೇಳಿದೆ. "ನನಗೆ ದೋಣಿಯಲ್ಲಿ ಜಾಗ ಬೇಕು. ಇಂಗ್ಲಿಷಿಗಲ್ಲ. ಭಾನುವಾರ ಮನೆಯಲ್ಲಿ ಕೂರಲು ಆಗುವುದಿಲ್ಲ."

ಅವನು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ. "ಇವು ಭಾನುವಾರದ ತನಕ ಬದುಕಲ್ಲ ಮೇಡಂ."

"ಶನಿವಾರ ಮತ್ತೆ ತರುತ್ತೇನೆ."

"ಮಂಡಕ್ಕಿ ತರಬಾರ್ದು."

"ತರುವುದಿಲ್ಲ."

"ಹುಳ ಗಾಳಕ್ಕೆ ಏರ್ಸೋದು ನಿಮ್ಮ ಕೆಲಸ. ನಂಗೆ ಈಗ ಕಣ್ಣು ಮಂಜು, ಹೊತ್ತಾಗ್ತದೆ." ಒಳಗಿನಿಂದ ಒಂದು ಗಾಳ ತಂದು ನನ್ನ ಮುಂದೆ ಹಿಡಿದ. "ಏರ್ಸಿ ನೋಡುವ."

ಮೊದಲನೆಯದು ಕೈಯಿಂದ ಜಾರಿತು. ಎರಡನೆಯದಕ್ಕೆ ನಾನು ಕಣ್ಣು ಮುಚ್ಚಿಕೊಂಡು ಬೆರಳಿಗೇ ಚುಚ್ಚಿಕೊಂಡೆ. ಮೂರನೆಯದು ನಿಂತಿತು. ಈರಣ್ಣ ತಿರುಗಿಸಿ ನೋಡಿ, "ಮೂರು ಗಂಟೆಗೆ ಬನ್ನಿ, ಭಾನುವಾರ" ಎಂದ. ನಾನು ಕೋಣೆಗೆ ಹೋಗಿ ಇನ್ನೊಂದು ಸಲ ಸ್ನಾನ ಮಾಡಿದೆ. ಬೇಗಾರಿನ ಮನೆಯವಳಿಗೆ ಎಲ್ಲವನ್ನೂ ಒಂದೇ ದಿನ ಬಿಡಲಾಗುವುದಿಲ್ಲ. ಆಮೇಲೆ ಒದ್ದೆ ತಲೆಯಲ್ಲೇ ಓಡಿ ಒಂಬತ್ತೂವರೆಯ ಕ್ಲಾಸಿಗೆ ಹತ್ತು ನಿಮಿಷ ತಡವಾಗಿ ತಲುಪಿ, ತಡವಾಗಿ ಬಂದ ಇಬ್ಬರು ಹುಡುಗಿಯರನ್ನು ಸಮಯಪಾಲನೆಯ ಬಗ್ಗೆ ಎರಡು ಮಾತು ಹೇಳಿ ಒಳಗೆ ಬಿಟ್ಟುಕೊಂಡೆ.