ಭಾವನ ಕಾರಿಗೆ ಗಂಟಲು ಕಟ್ಟಿದ್ದು

ಮನುಷ್ಯರಿಗೆ ಗಂಟಲು ಕಟ್ಟುತ್ತದೆ. ಹಾಡುವವರಿಗೆ ಕಚೇರಿಯ ಹಿಂದಿನ ದಿನ ಕಟ್ಟುತ್ತದೆ, ನನ್ನಂಥ ಸ್ಕೂಲು ಟೀಚರಿಗೆ ಇನ್ಸ್‌ಪೆಕ್ಟರು ಬರುವ ದಿನ ಕಟ್ಟೇ ಕಟ್ಟುತ್ತದೆ. ಆದರೆ ಕಾರಿಗೆ ಗಂಟಲು ಕಟ್ಟಿದೆ ಎಂದು ಹೇಳಿದವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ನನ್ನ ಸ್ವಂತ ಅಕ್ಕನ ಗಂಡ. ಅದನ್ನು ತಮಾಷೆಗೆ ಹೇಳಿದ್ದೂ ಅಲ್ಲ. ಭಾವ ತಮಾಷೆಗೆ ಏನನ್ನೂ ಹೇಳುತ್ತಿರಲಿಲ್ಲ. ಅವರ ತಮಾಷೆಗಳೆಲ್ಲ ಅವರಿಗೆ ಗೊತ್ತಿಲ್ಲದೆ ನಡೆದುಹೋಗುತ್ತಿದ್ದವು.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಭಾವನ ಕೆಲಸವೇ ಕೇಳುವುದು. ಎರಕ ಹೊಯ್ದ ತುಂಡುಗಳು ಆರಿದ ಮೇಲೆ ಒಂದೊಂದಕ್ಕೂ ಚಿಕ್ಕ ಸುತ್ತಿಗೆಯಿಂದ ಕುಟ್ಟಿ, ಕಿವಿಗೊಟ್ಟು, ಒಳಗೆ ಒಡಕಿದೆಯೋ ಇಲ್ಲವೋ ಹೇಳಬೇಕು. ಸಂತೆಯಲ್ಲಿ ಮಡಕೆ ಕೊಳ್ಳುವ ಹೆಂಗಸರು ಬೆರಳಿನಿಂದ ಬಾರಿಸಿ ನೋಡುವುದಿಲ್ಲವೇ, ಹಾಗೆ. ‘ಟಣ್’ ಎಂದರೆ ಪಾಸು, ‘ಡಬ್’ ಎಂದರೆ ಮತ್ತೆ ಕುಲುಮೆಗೆ. ಸುತ್ತಮುತ್ತ ದಿನವಿಡೀ ಕಬ್ಬಿಣ ಬಡಿಯುವ ಶೆಡ್ಡಿನ ನಡುವೆ ಕೂತು ಅವರು ಈ ಸೂಕ್ಷ್ಮ ಕೇಳುತ್ತಿದ್ದರು. ಅವರು ಪಾಸು ಮಾಡಿದ ತುಂಡಿನ ಬಗ್ಗೆ ಆಮೇಲೆ ಯಾರೂ ತಕರಾರು ತೆಗೆದದ್ದಿಲ್ಲ.

ಈ ಚಾಳಿ ಕಾರ್ಖಾನೆಯ ಗೇಟಿನಲ್ಲೇ ನಿಂತಿದ್ದರೆ ನಮಗೇನೂ ತೊಂದರೆಯಿರಲಿಲ್ಲ. ಶಿವಮೊಗ್ಗದ ನಮ್ಮ ಮನೆಗೆ ಹೆಣ್ಣು ನೋಡಲು ಬಂದ ದಿನವೂ ಭಾವ ಅಕ್ಕನನ್ನು ನೋಡುವ ಮೊದಲು ಅವಳು ತಂದ ಕಾಫಿಯ ಲೋಟಕ್ಕೆ ಉಗುರಿನಿಂದ ಬಾರಿಸಿ, ತಲೆ ವಾಲಿಸಿ, “ಒಡಕಿದೆ” ಎಂದರು. ಮನೆಯವರೆಲ್ಲ ಮುಖ ಮುಖ ನೋಡಿಕೊಂಡೆವು. ಅಮ್ಮನಿಗೆ ಹೇಗಾಗಿರಬೇಡ! ಅಷ್ಟರಲ್ಲಿ ಲೋಟದ ತಳದಿಂದ ಕಾಫಿ ಜಿನುಗಿ ಅವರ ಬಿಳಿ ಪಂಚೆಯ ಮೇಲೆ ಇಳಿಯಿತು. ಹುಡುಗ ಸುಳ್ಳು ಹೇಳುವವನಲ್ಲ ಎಂದು ಅಪ್ಪ ಅಲ್ಲೇ ಒಪ್ಪಿಬಿಟ್ಟರು.

ಇನ್ನು ಅಕ್ಕನ ವಿಷಯ. ಆ ಕಾಲದ ಎಲ್ಲ ಹೆಂಡಂದಿರಂತೆ ಅವಳೂ ಗಂಡನ ಹೆಸರು ಹೇಳುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಚೀಟಿ ಬರೆಸುವಾಗ ಗಂಡನ ಹೆಸರೇನು ಎಂದು ಕೇಳಿದರೆ ನನ್ನ ಕಡೆ ನೋಡುವಳು. ಮನೆಯಲ್ಲಿ ಅವರನ್ನು ಕರೆಯಲು ಅವಳಿಗೆ ಇದ್ದದ್ದು ಒಂದೇ ಮಾತು: “ಕೇಳಿಸ್ತೇನ್ರೀ?” ಅಡುಗೆಮನೆಯಿಂದ “ಕೇಳಿಸ್ತೇನ್ರೀ?”, ಹಿತ್ತಿಲಿನಿಂದ “ಕೇಳಿಸ್ತೇನ್ರೀ?”. ಪಕ್ಕದ ಕ್ವಾರ್ಟರ್ಸಿಗೆ ಸೇಲಂ ಕಡೆಯಿಂದ ಹೊಸದಾಗಿ ಬಂದ ಹೆಂಗಸು ಒಂದು ದಿನ ಬಾಗಿಲಿಗೆ ಬಂದು, ಬಹಳ ಮರ್ಯಾದೆಯಿಂದ, “ಕೇಳಿಸ್ತೇನ್ರಿ ಸಾರ್ ಇದ್ದಾರಾ?” ಎಂದು ವಿಚಾರಿಸಿದಳು. ಪಾಪ, ಅದೇ ಅವರ ಹೆಸರು ಎಂದುಕೊಂಡಿದ್ದಳು. ಬೀದಿಯಲ್ಲಿ ಕೆಲವರು ಹಾಗೇ ಕರೆಯತೊಡಗಿದರು.

ಕಾರಿಗೆ ಬರೋಣ. ಊರಿಗೆ ವಾಪಸು ಹೋದ ಯಾರೋ ಬಿಳಿ ದೊರೆ ಬಿಟ್ಟುಹೋದ ಪುಟ್ಟ ಹಳೆಯ ಕಾರು ಅದು. ಬೇಬಿ ಕಾರು ಎನ್ನುತ್ತಿದ್ದರು. ನಾಲ್ಕು ಜನ ಕೂರಬಹುದಿತ್ತು, ನಾಲ್ವರಲ್ಲಿ ಯಾರಿಗೂ ಮುನಿಸಿಲ್ಲದಿದ್ದರೆ. ಭಾವ ಪ್ರತಿ ಸೋಮವಾರ ಸ್ನಾನ ಮಾಡಿ ತಾವು ವಿಭೂತಿ ಇಟ್ಟುಕೊಂಡು, ಉಳಿದದ್ದನ್ನು ಅದರ ಬಾನೆಟ್ಟಿಗೆ ಬಳಿಯುತ್ತಿದ್ದರು. ವಾರದ ಕೊನೆಗೆ ನಾನು ಶಿವಮೊಗ್ಗದಿಂದ ಬಸ್ಸಿನಲ್ಲಿ ಬಂದಿಳಿದರೆ ಮೊದಲು ಕಾರಿನ ಕ್ಷೇಮ ಹೇಳಿ ಆಮೇಲೆ ಅಕ್ಕನ ಕ್ಷೇಮ ಹೇಳುವರು.

ಅಂಥ ಒಂದು ಶನಿವಾರ ಭಾವ ಗೇಟಿನಲ್ಲೇ ನನ್ನನ್ನು ತಡೆದು ನಿಲ್ಲಿಸಿ, ಸಾವಿನ ಮನೆಯ ದನಿಯಲ್ಲಿ ಹೇಳಿದರು: “ಕಾರಿಗೆ ಗಂಟಲು ಕಟ್ಟಿದೆ ಮಾರಾಯ್ತಿ. ದಿನಾ ದಿನಾ ಸದ್ದು ಸಣ್ಣ ಆಗ್ತಾ ಇದೆ. ಹೀಗೇ ಬಿಟ್ರೆ ಒಂದಿನ ಪೂರ್ತಿ ನಿಂತೇ ಹೋಗತ್ತೆ.”

ನನಗೆ ಕಾರು ಎಂದಿನಂತೆಯೇ ಕೇಳಿಸುತ್ತಿತ್ತು. ಆದರೆ ಕಬ್ಬಿಣದ ಹೊಟ್ಟೆಯೊಳಗಿನ ಒಡಕು ಕೇಳುವವರ ಮುಂದೆ ಮೂರನೇ ಕ್ಲಾಸಿನ ಟೀಚರು ಏನು ಮಾತಾಡಿಯಾಳು? ದೋಷವೆಲ್ಲ ಕಾರ್ಬುರೇಟರಿನದು ಎಂದು ಭಾವನ ತೀರ್ಮಾನ. ಎಂಜಿನ್ನಿಗೆ ಪೆಟ್ರೋಲನ್ನೂ ಗಾಳಿಯನ್ನೂ ಹದವಾಗಿ ಬೆರೆಸಿ ಉಣಿಸುವ ಭಾಗ ಅದು. ಭಾವ ಅದನ್ನೇ ಗಂಟಲು ಎನ್ನುತ್ತಿದ್ದದ್ದು. ಶಿವಮೊಗ್ಗದ ಬಿ.ಎಚ್. ರಸ್ತೆಯ ಗ್ಯಾರೇಜಿಗೆ ಹೋಗಿ, ಬೇರೆ ಕಂಪನಿಯ, ಇದಕ್ಕಿಂತ ದೊಡ್ಡ ಕಾರಿಗೆಂದು ಮಾಡಿದ ಒಂದು ಕಾರ್ಬುರೇಟರನ್ನು ಆರಿಸಿದರು. ಇದು ಬಡೇ ಗಾಡಿದು, ನಿಮ್ಮದು ಛೋಟಾ ಗಾಡಿ ಎಂದು ಗ್ಯಾರೇಜಿನ ಸಾಬರು ಹೇಳಿ ನೋಡಿದರಂತೆ. ಹಸಿದವನ ಮುಂದೆ ದೊಡ್ಡ ಎಲೆ ಹಾಕಿದರೆ ತಪ್ಪೇನು ಎಂದು ಭಾವ ಕೇಳಿದರಂತೆ. ಸಾಬರು ಅದನ್ನು ಹಳೇ ಪೇಪರಿನಲ್ಲಿ ಸುತ್ತಿ ಕೊಟ್ಟರು.

ಅದನ್ನು ಕೂರಿಸುವ ಕೆಲಸಕ್ಕೆ ಭಾವ ರಜೆ ಹಾಕಿದರು. ಮಗನ ಮದುವೆಗೂ ಜನ ಅಷ್ಟು ರಜೆ ಹಾಕುವುದಿಲ್ಲ. ಹಳೆಯದರ ಬೋಲ್ಟಿನ ತೂತಿಗೂ ಹೊಸದರ ತೂತಿಗೂ ತಾಳೆಯಿಲ್ಲ. ನಡುವೆ ಇಡಲು ಒಂದು ಅಲ್ಯೂಮಿನಿಯಂ ತಗಡನ್ನು ಅರದಿಂದ ಉಜ್ಜಿ ಉಜ್ಜಿ ಅಳತೆಗೆ ತಂದರು. ಅಂಗಳದಲ್ಲಿ ಒಣಹಾಕಿದ ಹಪ್ಪಳಕ್ಕೆಲ್ಲ ಅದರ ಪುಡಿ. ಗಾಳಿ ಸೋರದಂತೆ ಸಂದಿಗೆ ದಪ್ಪ ಕಾಗದದ ಗ್ಯಾಸ್ಕೆಟ್ ಬೇಕಾಯಿತು. ಕಾಗದದ ಕಾರ್ಖಾನೆಯ ಕಾಗದನಗರ ಕೂಗಳತೆಯಲ್ಲಿದ್ದ ಊರಿನಲ್ಲಿ ಕಾಗದಕ್ಕೆ ಬರವೇ? ಆದರೆ ಭಾವ ಕೈಗೆ ಸಿಕ್ಕಿದ್ದನ್ನು ಕತ್ತರಿಸಿ, ಎಣ್ಣೆಯಲ್ಲಿ ನೆನೆಸಿ ಕೂರಿಸಿಬಿಟ್ಟರು. ಹಳೆಯ ಗಾಳಿ ಸೋಸುವ ಡಬ್ಬಿ ಹೊಸದರ ಬಾಯಿಗೆ ಹಿಡಿಸದೆ ಅದನ್ನು ಕಿತ್ತು ಅಟ್ಟಕ್ಕೆ ಹಾಕಿದರು.

ಆಮೇಲೆ ಶ್ರುತಿ ಮಾಡುವುದು. ಹೊಸ ಕಾರ್ಬುರೇಟರಿನಲ್ಲಿ ಎರಡು ಸ್ಕ್ರೂ: ಒಂದು ಕಾರು ನಿಂತಲ್ಲೇ ಎಷ್ಟು ಜೋರಾಗಿ ಓಡಬೇಕು ಎನ್ನುವುದಕ್ಕೆ, ಇನ್ನೊಂದು ಗಾಳಿ ಪೆಟ್ರೋಲಿನ ಹದಕ್ಕೆ. ಗಾಳಿ ಹೆಚ್ಚಾದರೆ ಎಂಜಿನ್ ಕೆಮ್ಮುತ್ತದೆ, ಪೆಟ್ರೋಲು ಹೆಚ್ಚಾದರೆ ಕಪ್ಪು ಹೊಗೆ ಕಕ್ಕುತ್ತದೆ. ಎರಡರ ನಡುವಿನ ಜಾಗವನ್ನು ಕಿವಿಯಿಂದಲೇ ಹುಡುಕಬೇಕು. ಅದಕ್ಕಾಗಿ ಭಾವ ಬೀದಿಯ ಬಾಯಿ ಮುಚ್ಚಿಸಿದರು. ಪಕ್ಕದ ಮನೆಯ ರೇಡಿಯೋ ನಿಂತಿತು, ಎದುರು ಮನೆಯ ಒನಕೆ ನಿಂತಿತು. ಕೊಕ್ಕರೆಯಂತೆ ಬಗ್ಗಿ ನಿಂತ ಅವರನ್ನು ನೋಡಿ ನಾಯಿಗಳೂ ಬೊಗಳಲು ಅಂಜಿದವು.

ಅಕ್ಕ ಬಾಗಿಲಿಗೆ ಬಂದು, “ಇಡ್ಲಿ ಆಯ್ತು” ಎಂದಳು.

ಭಾವ ತಲೆ ಎತ್ತದೆ, “ಎಲ್ಲಿ ಆಯ್ತು? ಐಡ್ಲಿಂಗ್ ಇನ್ನೂ ಸರಿಯಾಗಿಲ್ಲ. ಗಾಳಿ ಜಾಸ್ತಿ ಇದೆ” ಎಂದು ಇಡೀ ಬೀದಿಗೆ ಕೇಳುವಂತೆ ಕಿರುಚಿದರು.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಸೇಲಮ್ಮಿನ ಹೆಂಗಸು ಕಾಂಪೌಂಡಿಗೆ ಒರಗಿ ನಕ್ಕಳು. ಅಕ್ಕನ ಇಡ್ಲಿಯಲ್ಲಿ ಗಾಳಿ ಜಾಸ್ತಿ ಎನ್ನುವ ಮಾತು ಎಷ್ಟೋ ಕಾಲ ನಮ್ಮ ಮನೆಯಲ್ಲಿ ಓಡಿತು. ಅಕ್ಕ ಮಾತ್ರ ಅವತ್ತು ನಗಲಿಲ್ಲ. ಅಂಗಳಕ್ಕೆ ಇಳಿದು, ಭಾವನ ಅಂಗಿಯ ತೋಳು ಹಿಡಿದು ಎಳೆದು, ಕೈಸನ್ನೆ ಮಾಡಿ ತಿಂಡಿಗೆ ಕರೆದುಕೊಂಡು ಹೋದಳು.

ಕೊನೆಗೂ ಶ್ರುತಿ ಆಯಿತು. ಏನು ಶ್ರುತಿ ಅಂತೀರಿ! ಎಂಜಿನ್ ಚಾಲೂ ಆದರೆ ಕಿಟಕಿಯ ಗಾಜು ಅದುರುತ್ತಿತ್ತು. ಸಕ್ರೆಬೈಲಿನ ಆನೆಗಳೆಲ್ಲ ಒಟ್ಟಿಗೆ ಘೀಳಿಟ್ಟರೂ ಇಷ್ಟಾಗಲಿಕ್ಕಿಲ್ಲ. ಭಾವನ ಮುಖದಲ್ಲಿ ತಿಂಗಳುಗಳಿಂದ ಕಾಣದ ಗೆಲುವು. ಈಗ ಬಾಯಿ ಬಿಡ್ತು ನೋಡು ಎಂದು ನನ್ನ ಬೆನ್ನು ತಟ್ಟಿದರು.

ಮುಂದಿನ ಶನಿವಾರ ಶಿವಮೊಗ್ಗದಲ್ಲಿ ಭಾವನ ಕಡೆಯ ನೆಂಟರ ಮದುವೆ. ನಾನು ಹಿಂದಿನ ಸಂಜೆಯೇ ಭದ್ರಾವತಿಗೆ ಬಂದಿದ್ದೆ; ಮೂವರೂ ಅದೇ ಕಾರಿನಲ್ಲಿ ಹೊರಟೆವು. ದಾರಿಯ ಎತ್ತುಗಳು ಗಾಡಿ ಸಮೇತ ಗದ್ದೆಗಿಳಿದವು. ಊರು ತಲುಪಿದ ಮೇಲೆ ಯಾವ ಛತ್ರ ಎಂಬ ಪ್ರಶ್ನೆ ಬಂತು. ಲಗ್ನಪತ್ರಿಕೆ ಎಲ್ಲಿ ಎಂದು ಭಾವನ ಕಿವಿಯ ಹತ್ತಿರ ಕೂಗಿ ಕೇಳಿದೆ. ಭಾವ ಬಹಳ ಗಂಭೀರವಾಗಿ ಬಾನೆಟ್ಟಿನ ಕಡೆ ಬೆರಳು ತೋರಿಸಿದರು. ಗ್ಯಾಸ್ಕೆಟ್ಟಿಗೆ ಕತ್ತರಿಸಿದ್ದು ಅದೇ ಪತ್ರಿಕೆ! ವಾಲಗದ ಸದ್ದು ಕೇಳಿದ ಛತ್ರಗಳಿಗೆಲ್ಲ ನುಗ್ಗಿ, ಗುರುತಿಲ್ಲದ ಮದುಮಕ್ಕಳಿಗೂ ಅಕ್ಷತೆ ಹಾಕಿ, ಊಟದ ಹೊತ್ತಿಗೆ ನಮ್ಮವರನ್ನು ಹಿಡಿದೆವು.

ವಾಪಸು ಬರುವಾಗ ಒಂದು ಘಟನೆ ನಡೆಯಿತು. ಹಿಂದಿನಿಂದ ಲಾರಿಯೊಂದು ದಾರಿ ಬಿಡಿ ಎಂದು ಹಾರನ್ ಹಾಕುತ್ತಿತ್ತು. ಹಾಕಿತು, ಹಾಕಿತು, ಕೈ ತೆಗೆಯದೆ ಹಾಕಿತು. ಭಾವ ರಸ್ತೆಯ ನಡುಮಧ್ಯದಲ್ಲಿ, ಗೆಲುವಿನಿಂದ, ನೇರವಾಗಿ ಹೋಗುತ್ತಿದ್ದರು. ಕೊನೆಗೆ ಲಾರಿ ಪಕ್ಕಕ್ಕೆ ನುಗ್ಗಿ, ನಮ್ಮ ಮಡ್‌ಗಾರ್ಡನ್ನು ಸವರಿಕೊಂಡು ಮುಂದೆ ಹೋಯಿತು. ಕಾರು ಹುಣಸೆಮರದ ಬುಡಕ್ಕೆ ಹೋಗಿ ನಿಂತಿತು. ಲಾರಿಯ ಡ್ರೈವರು ಇಳಿದು ಬಂದು ಬಾಯಿಗೆ ಬಂದಂತೆ ಬೈದ.

ಅವನು ಹೋದ ಮೇಲೆ ಭಾವ ನಮ್ಮ ಕಡೆ ತಿರುಗಿ, “ಒಂದು ಹಾರನ್ನೂ ಹಾಕದೆ ನುಗ್ಗಿದ ನೋಡಿದ್ರಾ?” ಎಂದರು.

ನಾನು ಅಕ್ಕನ ಮುಖ ನೋಡಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗದ್ದೆಯ ಕಡೆ ನೋಡುತ್ತಿದ್ದಳು. ಅವಳು ಭಾವನನ್ನು “ಕೇಳಿಸ್ತೇನ್ರೀ?” ಎಂದು ಕರೆದು ಎಷ್ಟೋ ತಿಂಗಳಾಗಿತ್ತು ಎನ್ನುವುದು ನನಗೆ ಆಗ ಹೊಳೆಯಿತು.

ಮನೆಗೆ ಬಂದ ಮೇಲೆ ಅಡುಗೆಮನೆಯಲ್ಲಿ ಅಕ್ಕನನ್ನು ಕೇಳಿದೆ. ಅವಳು ಹಾಲು ಕಾಯಿಸುತ್ತಾ ತಿರುಗದೆ ಹೇಳಿದಳು: “ಕಾರಿಗೆ ಏನೂ ಆಗಿರ್ಲಿಲ್ಲ ಕಣೆ. ಕಾರೂ ಸಣ್ಣ ಆಯ್ತು, ನನ್ನ ಮಾತೂ ಸಣ್ಣ ಆಯ್ತು, ಬಾವಿ ರಾಟೆ ಸದ್ದೂ ಸಣ್ಣ ಆಯ್ತು ಅವರಿಗೆ. ಕಾರೊಂದೇ ರಿಪೇರಿ ಆಗೋದು ಅಂತ ಅದನ್ನ ಹಿಡ್ಕೊಂಡ್ರು.” ಗೊತ್ತಿದ್ದೂ ಸುಮ್ಮನಿದ್ದೆಯಲ್ಲ ಎಂದು ನಾನು ರೇಗಿದೆ. ಕಿವಿಯೇ ಅನ್ನವಾಗಿರುವ ಮನುಷ್ಯನಿಗೆ ಕಿವಿ ಹೋಯಿತು ಎಂದು ಯಾವ ಬಾಯಿಯಲ್ಲಿ ಹೇಳಲಿ ಎಂದಳು. ಕಾರ್ಖಾನೆಗೆ ತಿಳಿದರೆ ಸುತ್ತಿಗೆ ಕಿತ್ತುಕೊಳ್ಳುತ್ತಾರೆ. ತಿಳಿಯದಿದ್ದರೆ ಒಂದು ಒಡಕು ತುಂಡು ಪಾಸಾಗಿ ಹೋಗಿ ಯಾರದೋ ತಲೆಯ ಮೇಲೆ ಮುರಿಯುತ್ತದೆ. ಅವಳಿಗೆ ಎರಡೂ ಭಯ. ಹಾಲು ಉಕ್ಕಿ ಒಲೆಗೆ ಚೆಲ್ಲಿತು. ಸದ್ದು ಕೇಳಿ ಹಜಾರದಲ್ಲಿದ್ದವರು ಏನಾಯಿತು ಎಂದು ಕೂಗಬೇಕಿತ್ತು, ಭಾವ ಕೂಗಲಿಲ್ಲ.

ಮಾರನೇ ದಿನ ಭಾನುವಾರ. ಬೀದಿಯವರು ಒಟ್ಟಾಗಿ ಬಂದು, ಕಾರಿನ ಸದ್ದು ಸ್ವಲ್ಪ ಇಳಿಸಿ ಸಾರ್, ಮಕ್ಕಳು ಬೆಚ್ಚಿಬೀಳುತ್ತಾರೆ ಎಂದು ಕೈಮುಗಿದರು. ಭಾವನಿಗೆ ಬೇಸರವಾಯಿತು. ಆದರೂ ಬಾನೆಟ್ಟಿನ ಒಂದು ಪಕ್ಕ ಎತ್ತಿ, ಸ್ಕ್ರೂಡ್ರೈವರು ಹಿಡಿದು ಬಗ್ಗಿದರು. ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು. ಎಂಜಿನ್ ಒಮ್ಮೆ ಕೆಮ್ಮಿತು, ಒಮ್ಮೆ ಹೊಗೆ ಕಕ್ಕಿತು. ಅವರ ಹಣೆಯ ಮೇಲೆ ಬೆವರು.

ಅಕ್ಕ ಒಳಗಿನಿಂದ ಹಿತ್ತಾಳೆ ಚೊಂಬಿನ ತುಂಬ ನೀರು ತಂದು, ಬಾನೆಟ್ಟಿನ ಮುಚ್ಚಿದ ಪಕ್ಕದ ಮೇಲೆ ಇಟ್ಟಳು. ನೀರು ತುಳುಕಾಡಿತು. ಅವಳು ನೀರನ್ನು ತೋರಿಸಿದಳು, ಸ್ಕ್ರೂವನ್ನು ತೋರಿಸಿದಳು. ಭಾವ ಅವಳ ಮುಖವನ್ನೊಮ್ಮೆ ನೋಡಿ, ನೀರು ನೋಡುತ್ತಾ ತಿರುಗಿಸಿದರು. ತುಳುಕುತ್ತಿದ್ದ ನೀರು ಅಲೆಯಾಯಿತು, ಅಲೆ ಸಣ್ಣ ನಡುಕವಾಯಿತು. ಎಂಜಿನ್ ಈಗ ಮಲಗಿದ ಬೆಕ್ಕಿನಂತೆ ಮೆತ್ತಗೆ ಗುರುಗುಡುತ್ತಿತ್ತು. ಆ ಕಾರು ಇಷ್ಟು ಚೆನ್ನಾಗಿ ಓಡಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ.

ಭಾವ ನೆಟ್ಟಗೆ ನಿಂತು ಕಿವಿಗೊಟ್ಟರು. “ನಿಂತುಹೋಯ್ತು” ಎಂದರು. ಮತ್ತೆ ಚಾಲೂ ಮಾಡಲು ಮುಂದೆ ಹೋಗಿ, ಎಂಜಿನ್ ತಿರುಗಿಸುವ ಕಬ್ಬಿಣದ ಹ್ಯಾಂಡಲ್ ಕೈಗೆತ್ತಿಕೊಂಡರು.

ಓಡುತ್ತಿರುವ ಎಂಜಿನ್ನಿಗೆ ಹ್ಯಾಂಡಲ್ ಹಾಕಿದರೆ ಅದು ತಿರುಗಿ ಹೊಡೆದು ಮುಂಗೈ ಮುರಿಯುತ್ತದೆ. ಅಕ್ಕ ಓಡಿಹೋಗಿ ಅವರ ಮಣಿಕಟ್ಟು ಹಿಡಿದಳು. ಹ್ಯಾಂಡಲ್ ಬಿಡಿಸಿ ಕೆಳಗೆ ಹಾಕಿ, ಅವರ ಅಂಗೈಯನ್ನು ಬಾನೆಟ್ಟಿನ ಮೇಲೆ ಊರಿಸಿ, ಅದರ ಮೇಲೆ ತನ್ನ ಕೈ ಇಟ್ಟು ಒತ್ತಿದಳು.

ಭಾವ ಹಾಗೇ ನಿಂತರು. ಅಂಗೈಯೊಳಗೆ ಎಂಜಿನ್ ಓಡುತ್ತಿತ್ತು. ಸದ್ದು ಎಲ್ಲರಿಗೂ ಕೇಳುತ್ತಿದೆ, ತಮಗೊಬ್ಬರಿಗೇ ಇಲ್ಲ ಎನ್ನುವುದು ಅವರಿಗೆ ತಿಳಿದದ್ದನ್ನು ನಾನು ಕಣ್ಣಾರೆ ಕಂಡೆ. ನನಗೆ ಅಳು ಬಂತು.

“ಯಾವತ್ತಿಂದ ಗೊತ್ತು ನಿಂಗೆ?” ಎಂದು ಅಕ್ಕನನ್ನು ಕೇಳಿದರು.

ಅಕ್ಕ ಬೀದಿಯನ್ನೂ ಲೆಕ್ಕಿಸದೆ, ನನ್ನನ್ನೂ ಲೆಕ್ಕಿಸದೆ, ಅವರ ಕಿವಿಗೆ ಬಾಯಿ ಹಚ್ಚಿ ಹೇಳಿದಳು: “ನಾನು ಕರೆದಾಗ ನೀವು ತಿರುಗದೇ ಇದ್ದಾಗಿಂದ.”

ಸೋಮವಾರ ಭಾವ ವಿಭೂತಿ ಇಟ್ಟುಕೊಂಡು ಕಾರ್ಖಾನೆಗೆ ಹೋಗಿ, ಸಾಹೇಬರ ಮೇಜಿನ ಮೇಲೆ ತಾವೇ ಸುತ್ತಿಗೆ ಇಟ್ಟು ವಿಷಯ ಹೇಳಿದರು. ಅಷ್ಟೂ ತಿಂಗಳಲ್ಲಿ ತಾವು ಪಾಸು ಮಾಡಿದ್ದನ್ನೆಲ್ಲ ಬೇರೆಯವರಿಂದ ಮತ್ತೆ ಕುಟ್ಟಿಸಿ ಎಂದೂ ಹೇಳಿದರಂತೆ. ಅವರನ್ನು ಸಾಮಾನು ಲೆಕ್ಕದ ಸ್ಟೋರಿಗೆ ಹಾಕಿದರು. ಹೊಸದರಲ್ಲಿ ಮಂಕಾಗಿದ್ದರು, ಊಟ ಅರ್ಧಕ್ಕೇ ಬಿಟ್ಟು ಎದ್ದುಬಿಡುವರು. ಆದರೆ ಕಾರಿಗೆ ಮತ್ತೆ ಗಂಟಲು ಕಟ್ಟಲಿಲ್ಲ. ಪ್ರತಿ ಭಾನುವಾರ ಬಾನೆಟ್ಟಿನ ಮೇಲೆ ಚೊಂಬು ಏರುತ್ತಿತ್ತು.

ಅಕ್ಕ ಹಳೆಯ ಮಾತಿಗೆ ಮರಳಿದಳು. ಈಗ ಅಡುಗೆಮನೆಯಿಂದ ಕೂಗುತ್ತಿರಲಿಲ್ಲ. ಅಂಗಳಕ್ಕೆ ಬಂದು, ಕಾರಿನ ಆ ಪಕ್ಕ, ಭಾವನಿಗೆ ತನ್ನ ತುಟಿ ಕಾಣುವಲ್ಲಿ ನಿಂತು, ಮೆತ್ತಗೆ “ಕೇಳಿಸ್ತೇನ್ರೀ?” ಎನ್ನುತ್ತಿದ್ದಳು.

ಭಾವ ಸ್ಕ್ರೂಡ್ರೈವರು ಕೆಳಗಿಟ್ಟು, ಇಡೀ ಬೀದಿಗೆ ಕೇಳುವಂತೆ ಕೂಗುತ್ತಿದ್ದರು: “ಕೇಳಿಸ್ತು ಕಣೇ!”