ಮೊಹರು ಬಿದ್ದ ತುತ್ತೂರಿ

ರಾತ್ರಿ ಬಾಗಿಲು ಬಡಿದ ಸದ್ದಿಗೆ ವಕೀಲರು ಎದ್ದು ಬಂದರು. ಹೊರಗೆ ನಿಂತಿದ್ದ ಕೋರ್ಟಿನ ಅಮೀನ ನೇರ ಒಳನುಗ್ಗಿ, ಕಪಾಟಿನ ಮೇಲಿದ್ದ ತುತ್ತೂರಿಯನ್ನು ಹಸುಗೂಸಿನಂತೆ ಬಟ್ಟೆಯಲ್ಲಿ ಸುತ್ತಿ, ಗಂಟಿನ ಮೇಲೆ ಅರಗಿನ ಮೊಹರು ಒತ್ತಿದ.

"ಏನಯ್ಯಾ ಇದು?"

"ತುರ್ತು ಆದೇಶ ಸ್ವಾಮಿ. ಎರಡನೇ ಮಹಡಿಯ ತುತ್ತೂರಿ ಜಪ್ತಿ. ಉಳಿದದ್ದು ಬೆಳಿಗ್ಗೆ ಕೋರ್ಟಲ್ಲಿ ಕೇಳಿ."

"ನನ್ನನ್ನೊಂದು ಮಾತೂ ಕೇಳದೆ?"

"ಕೇಳ್ತಾ ಕೂತರೆ ಅದು ತುರ್ತು ಹೇಗಾಗುತ್ತೆ?"

ಈ ನ್ಯಾಯ ವಕೀಲರಿಗೆ ಹೊಸದಲ್ಲ. ಎದುರು ಪಕ್ಷ ಬಾರದ ದಿನ ಮಾತ್ರ ಗೆಲ್ಲುತ್ತಾರೆಂದು ಸಹೋದ್ಯೋಗಿಗಳು ಅವರಿಗೆ 'ಖಾಲಿಕುರ್ಚಿ' ಎಂದೇ ಹೆಸರಿಟ್ಟಿದ್ದರು. ಅಂದು ಸಂಜೆಯೂ, ಹಲ್ಲುನೋವೆಂದು ಹೋದ ವಕೀಲ ಗೆಳೆಯನ ಬದಲಿಗೆ ಕೋರ್ಟಿನಲ್ಲಿ ನಿಂತು, ಕಡತದ ಕೊನೆಯ ಪುಟವಷ್ಟನ್ನೇ ಓದಿ ಗೆದ್ದು ಬಂದಿದ್ದರು. ಆದರೆ ಮರುದಿನ ವಕೀಲರ ಸಂಘದ ಸಂಗೀತ ಸಂಜೆ. ವರ್ಷಗಟ್ಟಲೆ ಅಂಗಲಾಚಿ ಗಿಟ್ಟಿಸಿದ ಅವಕಾಶ. ತುತ್ತೂರಿಯಿಲ್ಲದೆ ವೇದಿಕೆಯೇರಿ ಏನನ್ನು ಊದುವುದು?

ಬೆಳಿಗ್ಗೆ ಅವರ ಮೊದಲ ಅನುಮಾನ ಹೆಂಡತಿಯ ಮೇಲೆ.

"ಅರ್ಜಿ ಕೊಡೋ ಹಾಗಿದ್ದರೆ ಮದುವೆಯಾದ ವರ್ಷವೇ ಕೊಡ್ತಿದ್ದೆ," ಎಂದಳಾಕೆ.

ಕೆಳಮನೆಯ ಮೇಷ್ಟ್ರು ಮಾತ್ರ ಕೇಳುವ ಮುನ್ನವೇ ಒಪ್ಪಿಕೊಂಡರು. "ಅರ್ಜಿ ನನ್ನದೇ ಸಾರ್. ರಾತ್ರಿ ಹೊತ್ತು ಊದಬಾರದು ಅಂತಷ್ಟೇ ನಾನು ಹೇಳಿದ್ದು. ಹಗಲೂ ಬೇಡ, ಜಪ್ತಿಯೇ ಆಗಲಿ ಅಂತ ಕೇಳಿದ್ದು ನಮ್ಮ ಕಡೆ ವಕೀಲರಂತೆ. ನಾನು ಕೋರ್ಟಿಗೆ ಹೋಗಿರಲಿಲ್ಲ. ತುತ್ತೂರಿ ಅನ್ನೋ ಪದಾನೇ ಬಳಸದೆ, 'ಸದರಿ ವಸ್ತು, ಸದರಿ ವಸ್ತು' ಅಂತ ಗುಡುಗಿದರಂತೆ."

"ಯಾವನವನು?"

"ಹೊಸಬರು ಯಾರೋ. ನಮ್ಮವರಿಗೆ ಹಲ್ಲುನೋವು ನೋಡಿ."

ಕೋಪದ ಕಾವಿನಲ್ಲಿ ವಕೀಲರ ಕಿವಿಗೆ ಆ ಹಲ್ಲು ನಾಟಲಿಲ್ಲ. ಕುದಿಯುವ ಪಾತ್ರೆಯ ಮುಚ್ಚಳದಂತೆ ಚಡಪಡಿಸುತ್ತ ನ್ಯಾಯಾಲಯಕ್ಕೆ ಧಾವಿಸಿದರು. ನಿನ್ನೆಯ ನ್ಯಾಯಾಧೀಶರು ರಜೆಯಲ್ಲಿದ್ದರು. ಪೀಠದ ಮೇಲೆ ಬೇರೊಬ್ಬರಿದ್ದರು.

"ಮಹಾಸ್ವಾಮಿ, ಗೈರುಹಾಜರಾದವನ ಬೆನ್ನಿಗೆ ಇರಿಯುವ ಇಂಥ ವಕೀಲನಿಗೆ ಒಂದು ತಿಂಗಳು ಈ ಬಾಗಿಲನ್ನೇ ಮುಚ್ಚಬೇಕು. ಆದೇಶವನ್ನು ಈಗಲೇ ತೆರವುಗೊಳಿಸಬೇಕು."

"ಬಾಗಿಲು ಮುಚ್ಚುವ ಸಲಹೆ ಯೋಗ್ಯವಾಗಿದೆ, ಬರೆದುಕೊಳ್ಳಿ," ಎಂದರು ನ್ಯಾಯಾಧೀಶರು. "ಆದರೆ ನಿನ್ನೆ ವಾದಿಸಿದವರನ್ನು ಕೇಳದೆ ತೆರವು ಹೇಗೆ? ಅವರೇನು ಹೇಳಿ ಆದೇಶ ಪಡೆದರು?"

ಗುಮಾಸ್ತ ಕಡತ ಬಿಚ್ಚಿ ಓದಿದ: "ಎರಡನೇ ಮಹಡಿಯ ನಿವಾಸಿಗೆ ಮುನ್ಸೂಚನೆ ಕೊಟ್ಟರೆ ಸದರಿ ವಸ್ತುವನ್ನು ಬಚ್ಚಿಡುವಷ್ಟು ನೀಚ ಆತ, ಎಂದಿದ್ದಾರೆ."

"ಯಾರು ಹಾಗೆಂದವರು?" ಎಂದರು ನ್ಯಾಯಾಧೀಶರು.

ಗುಮಾಸ್ತ ಕೆಮ್ಮಿ, ಕನ್ನಡಕ ಸರಿಪಡಿಸಿಕೊಂಡ.

"ನಮ್ಮ ಖಾಲಿಕುರ್ಚಿಯವರು, ಸ್ವಾಮಿ."